ಹೆಸರಿನಲ್ಲಿರುವ ಊರು ಹೂವಿನ ಊರಲ್ಲ: ಐರಿಸ್‌ಗಳ ಮೂಲ ಮತ್ತು ವೈವಿಧ್ಯ

ಪ್ರಶ್ನೆ: ನನ್ನ ಬಳಿ ಮೂರು ಐರಿಸ್ ಗಿಡಗಳಿವೆ. ಅವುಗಳ ಚೀಟಿಯ ಮೇಲೆ ಕ್ರಮವಾಗಿ ಜರ್ಮನ್, ಡಚ್ ಮತ್ತು ಸೈಬೀರಿಯನ್ ಎಂದು ಬರೆದಿದೆ. ಇವು ಒಂದೇ ಹೂವಿನ ಮೂರು ತಳಿಗಳೇ? ನಿಜವಾಗಿಯೂ ಆಯಾ ದೇಶಗಳಲ್ಲೇ ಹುಟ್ಟಿದವೇ? ಇವನ್ನು ಒಂದರೊಡನೊಂದು ಸಂಕರಗೊಳಿಸಿದರೆ ಬೀಜ ಕಟ್ಟುತ್ತದೆಯೇ?

ಉತ್ತರ: ಮೊದಲ ಎರಡು ಪ್ರಶ್ನೆಗಳಿಗೂ ಉತ್ತರ ‘ಇಲ್ಲ’ ಎಂದೇ. ಮೂರನೆಯದಕ್ಕೆ ‘ಬಹುಮಟ್ಟಿಗೆ ಇಲ್ಲ’ ಎನ್ನಬೇಕು. ನಿಮ್ಮ ಮೂರು ಗಿಡಗಳೂ ಐರಿಸ್ ಎಂಬ ಒಂದೇ ಕುಲಕ್ಕೆ ಸೇರಿದವು ನಿಜ. ಆದರೆ ಒಂದೇ ಕುಲಕ್ಕೆ ಸೇರಿದ ಮಾತ್ರಕ್ಕೆ ಒಂದೇ ಹೂವಿನ ತಳಿಗಳಾಗುವುದಿಲ್ಲ. ಬದನೆ ಮತ್ತು ಆಲೂಗಡ್ಡೆ ಎರಡೂ ಸೊಲಾನಮ್ ಎಂಬ ಒಂದೇ ಕುಲದವು. ಹಾಗೆಂದು ಬದನೆಯನ್ನು ಆಲೂಗಡ್ಡೆಯ ತಳಿ ಎಂದು ಯಾರೂ ಕರೆಯುವುದಿಲ್ಲ. ಇನ್ನು ಚೀಟಿಯ ಮೇಲಿನ ದೇಶದ ಹೆಸರುಗಳ ವಿಚಾರ. ಹೂವಿನ ಲೋಕದಲ್ಲಿ ಐರಿಸ್‌ನಷ್ಟು ತಪ್ಪು ವಿಳಾಸ ಹೊತ್ತು ತಿರುಗುವ ಗಿಡಗಳು ಕಡಿಮೆ ಎಂದೇ ನನ್ನ ಅಭಿಪ್ರಾಯ. ಅವುಗಳ ಹೆಸರಿನಲ್ಲಿರುವ ಊರು ಬಹುತೇಕ ಸಂದರ್ಭಗಳಲ್ಲಿ ಗಿಡ ಹುಟ್ಟಿದ ಊರಲ್ಲ, ಅದನ್ನು ಮೊದಲು ಕಂಡವರ, ಬೆಳೆದವರ ಅಥವಾ ಮಾರಿದವರ ಊರು.

ಐರಿಸ್ ಎಂಬ ಹೆಸರು ಗ್ರೀಕರ ಕಾಮನಬಿಲ್ಲಿನ ದೇವತೆಯದು. ನಮ್ಮ ಕಣ್ಣಿನ ಬಣ್ಣದ ಪೊರೆಗೂ ಇದೇ ಹೆಸರು ಬಂದಿರುವುದು ಇದೇ ಕಾರಣಕ್ಕೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ 1753ರಲ್ಲಿ ಸಸ್ಯಗಳಿಗೆಲ್ಲ ಎರಡು ಪದಗಳ ಹೆಸರು ಕೊಟ್ಟು ಪಟ್ಟಿ ಮಾಡಿದಾಗ ಈ ಹೆಸರನ್ನೇ ಕುಲನಾಮವಾಗಿ ಉಳಿಸಿಕೊಂಡನು. ಇಂದು ಈ ಕುಲದಲ್ಲಿ 260ರಿಂದ 300ರಷ್ಟು ಪ್ರಭೇದಗಳಿವೆ ಎಂದು ಲೆಕ್ಕ ಹಾಕುತ್ತಾರೆ. ಸಂಖ್ಯೆ ಹೀಗೆ ಹಿಗ್ಗುವುದೂ ಕುಗ್ಗುವುದೂ ಲೆಕ್ಕ ಹಾಕುವವರ ತಪ್ಪಲ್ಲ. ಈ ಕುಲದಲ್ಲಿ ಪ್ರಭೇದ ಎಲ್ಲಿ ಮುಗಿಯುತ್ತದೆ, ಸಂಕರ ಎಲ್ಲಿ ಆರಂಭವಾಗುತ್ತದೆ ಎಂದು ಗೆರೆ ಎಳೆಯುವುದೇ ಕಷ್ಟ. ಐರಿಸ್‌ಗಳು ಸಹಜವಾಗಿ ಬೆಳೆಯುವುದು ಭೂಮಿಯ ಉತ್ತರಾರ್ಧದಲ್ಲಿ, ಅಂದರೆ ಯುರೋಪ್, ಉತ್ತರ ಆಫ್ರಿಕ, ಪಶ್ಚಿಮ ಮತ್ತು ಮಧ್ಯ ಏಷ್ಯಾ, ಹಿಮಾಲಯ, ಚೀನಾ, ಜಪಾನ್ ಮತ್ತು ಉತ್ತರ ಅಮೆರಿಕದ ಸಮಶೀತೋಷ್ಣ ಪ್ರದೇಶಗಳಲ್ಲಿ. ಇದರ ಕುಟುಂಬದ ಬಹುಪಾಲು ನೆಂಟರು, ಉದಾಹರಣೆಗೆ ಗ್ಲಾಡಿಯೋಲಸ್ ಮತ್ತು ಫ್ರೀಸಿಯಾ, ದಕ್ಷಿಣ ಆಫ್ರಿಕದಲ್ಲಿ ಕಿಕ್ಕಿರಿದಿರುವಾಗ ಐರಿಸ್ ಮಾತ್ರ ಉತ್ತರದಲ್ಲಿ ನೆಲೆ ಕಂಡುಕೊಂಡಿದೆ.

ಮುಂದಿನ ಮಾತೆಲ್ಲ ಅರ್ಥವಾಗಬೇಕಾದರೆ ಒಂದು ಹೂವನ್ನು ಕೈಯಲ್ಲಿ ಹಿಡಿದು ನೋಡುವುದು ಒಳ್ಳೆಯದು. ನಿಮ್ಮ ಜರ್ಮನ್ ಐರಿಸ್‌ನಿಂದ ಒಂದು ಹೂ ಕಿತ್ತು ಮೇಜಿನ ಮೇಲಿಡಿ. ಮೂರು ಎಸಳುಗಳು ನೆಟ್ಟಗೆ ಮೇಲಕ್ಕೆದ್ದು ಗುಮ್ಮಟದಂತೆ ಒಂದನ್ನೊಂದು ತಾಕುತ್ತವೆ. ಮೂರು ಎಸಳುಗಳು ನಾಲಗೆ ಚಾಚಿದಂತೆ ಕೆಳಕ್ಕೆ ಬಾಗಿರುತ್ತವೆ. ಬಾಗಿದ ಎಸಳಿನ ಬುಡದಿಂದ ನಡುವಿನವರೆಗೆ ಕಂಬಳಿಹುಳುವಿನಂತಹ ಕೂದಲಿನ ಪಟ್ಟಿಯೊಂದಿದೆ. ಅದೇ ‘ಗಡ್ಡ’. ಈಗ ಆ ಗಡ್ಡದ ಮೇಲೆಯೇ ಚಾವಣಿಯಂತೆ ಬಾಗಿರುವ, ಎಸಳಿನದೇ ಬಣ್ಣದ ಇನ್ನೊಂದು ಪಟ್ಟಿಯನ್ನು ಬೆರಳಿನಿಂದ ಮೆಲ್ಲನೆ ಎತ್ತಿರಿ. ನೋಡಿದವರೆಲ್ಲ ಅದನ್ನೂ ಎಸಳೆಂದೇ ಎಣಿಸುತ್ತಾರೆ. ವಾಸ್ತವವಾಗಿ ಅದು ಹೂವಿನ ಹೆಣ್ಣುಭಾಗವಾದ ಶಲಾಕೆಯ ಒಂದು ಕವಲು. ಅದರ ಕೆಳಗೆ ಒಂದೇ ಒಂದು ಕೇಸರ ಅಡಗಿ ಕುಳಿತಿರುತ್ತದೆ. ಶಲಾಕೆಯ ತುದಿಯ ಬಳಿ, ಅಡಿಭಾಗದಲ್ಲಿ, ಉಗುರಿನಷ್ಟೇ ಅಗಲದ ತೆಳುವಾದ ತುಟಿಯೊಂದು ಕಾಣುತ್ತದೆ. ಪರಾಗ ಅಂಟಬೇಕಾದದ್ದು ಆ ತುಟಿಯ ಹೊರಮೈಗೆ.

ಜೇನ್ನೊಣ ಬಾಗಿದ ಎಸಳಿನ ಮೇಲೆ ಇಳಿದು ಒಳಗೆ ನುಗ್ಗುವಾಗ ಅದರ ಬೆನ್ನು ಮೊದಲು ಈ ತುಟಿಗೆ ಉಜ್ಜುತ್ತದೆ. ಬೇರೆ ಹೂವಿನಿಂದ ತಂದ ಪರಾಗ ಅಲ್ಲಿ ಉಳಿಯುತ್ತದೆ. ಇನ್ನೂ ಒಳಗೆ ಹೋದಾಗ ಕೇಸರ ತಾಗಿ ಹೊಸ ಪರಾಗ ಬೆನ್ನಿಗೆ ಮೆತ್ತಿಕೊಳ್ಳುತ್ತದೆ. ನೊಣ ಹಿಮ್ಮೆಟ್ಟಿ ಹೊರಬರುವಾಗ ತುಟಿ ಬಾಗಿಲಿನಂತೆ ಮುಚ್ಚಿಕೊಳ್ಳುವುದರಿಂದ ಹೂವಿನ ಸ್ವಂತ ಪರಾಗ ಅದರ ಹೊರಮೈಗೆ ತಾಗುವುದು ತಪ್ಪುತ್ತದೆ. ಇಂತಹ ಹಾದಿಗಳು ಒಂದೊಂದು ಹೂವಿನಲ್ಲಿಯೂ ಮೂರು. ನೊಣದ ಪಾಲಿಗೆ ಒಂದು ಐರಿಸ್ ಎಂದರೆ ಮೂರು ಹೂಗಳಿದ್ದಂತೆ. ಸ್ವಂತ ಪರಾಗವನ್ನು ದೂರವಿಟ್ಟು ಹೊರಗಿನದನ್ನು ಬರಮಾಡಿಕೊಳ್ಳುವ ಈ ಏರ್ಪಾಡೇ ಐರಿಸ್ ಕುಲದಲ್ಲಿ ಸಂಕರಗಳು ಅಷ್ಟೊಂದು ಹೇರಳವಾಗಿರುವುದಕ್ಕೆ ಒಂದು ಮುಖ್ಯ ಕಾರಣ.

ಗಿಡಗಳನ್ನು ಗುಂಪು ಮಾಡುವಾಗ ಸಸ್ಯವಿಜ್ಞಾನಿಗಳು ಬಣ್ಣಕ್ಕೆ ಬೆಲೆ ಕೊಡುವುದಿಲ್ಲ. ಮಣ್ಣಿನೊಳಗೆ ಏನಿದೆ, ಎಸಳಿನ ಮೇಲೆ ಏನಿದೆ ಎಂಬ ಎರಡನ್ನೇ ಮೊದಲು ನೋಡುತ್ತಾರೆ. ಶುಂಠಿಯಂತೆ ಅಡ್ಡಲಾಗಿ ಹಬ್ಬುವ ಗುಪ್ತಕಾಂಡವಿದ್ದು ಎಸಳಿನ ಮೇಲೆ ಗಡ್ಡವಿದ್ದರೆ ಒಂದು ಗುಂಪು, ಗುಪ್ತಕಾಂಡವಿದ್ದೂ ಗಡ್ಡವಿಲ್ಲದಿದ್ದರೆ ಇನ್ನೊಂದು. ಗಡ್ಡದ ಬದಲು ಕೋಳಿಯ ಜುಟ್ಟಿನಂತಹ ಏಣು ಇರುವವೂ ಈ ಎರಡನೆಯದರಲ್ಲಿ ಬರುತ್ತವೆ. ಈರುಳ್ಳಿಯಂತಹ ಗೆಡ್ಡೆ ಇರುವವು ಬೇರೆ, ಅವುಗಳಲ್ಲೇ ಮೂರು ಬಗೆ: ನುಣುಪು ಸಿಪ್ಪೆಯವು, ಬಲೆ ಹೆಣೆದಂತಹ ಸಿಪ್ಪೆಯವು, ಗೆಡ್ಡೆಯ ಕೆಳಗೆ ದಪ್ಪ ಬೇರುಗಳಿದ್ದು ಮೆಕ್ಕೆಜೋಳದ ಗಿಡದಂತೆ ಎಲೆ ಬಿಡುವ ಜೂನೋ ಐರಿಸ್‌ಗಳು. ನಿಮ್ಮ ಜರ್ಮನ್ ಐರಿಸ್ ಗಡ್ಡದ ಗುಂಪಿಗೆ, ಸೈಬೀರಿಯನ್ ಗಡ್ಡವಿಲ್ಲದ ಗುಂಪಿಗೆ, ಡಚ್ ಐರಿಸ್ ನುಣುಪು ಸಿಪ್ಪೆಯ ಗೆಡ್ಡೆಗಳ ಗುಂಪಿಗೆ ಸೇರುತ್ತವೆ. ಮೂರೂ ಮೂರು ಬೇರೆ ಉಪಕುಲಗಳು.

ಈಗ ಜರ್ಮನ್ ಐರಿಸ್‌ನ ಕಥೆಗೆ ಬರೋಣ. ಲಿನ್ನೇಯಸ್ ‘ಐರಿಸ್ ಜರ್ಮಾನಿಕಾ’ ಎಂದು ಹೆಸರಿಟ್ಟ ಗಿಡಕ್ಕೆ ಮನುಷ್ಯರ ಕೈ ಸೋಕದ ಕಾಡಿನ ನೆಲೆಯೆಂಬುದು ಇಲ್ಲ. ಅದು ಸಿಗುವುದೆಲ್ಲ ಹಳೆಯ ತೋಟ, ಗೋಡೆಬದಿ, ಪಾಳುಬಿದ್ದ ಮನೆಗಳ ಸುತ್ತ. ಅದರ ಜೀವಕೋಶದಲ್ಲಿ 44 ವರ್ಣತಂತುಗಳಿವೆ, ಅಂದರೆ ವಂಶದ ಗುಣಗಳನ್ನು ಹೊರುವ ಎಳೆಗಳು (ಕ್ರೋಮೋಸೋಮ್). ಇವು ಸಮವಾಗಿ ಜೋಡಿಯಾಗದ ಕಾರಣ ಬೀಜ ಕಟ್ಟುವುದು ಅಪರೂಪ. ಇದೊಂದು ಪುರಾತನ ಸಂಕರವೆಂದು ಇದರಿಂದ ತಿಳಿಯುತ್ತದೆ. ಗುಪ್ತಕಾಂಡದ ಒಂದು ತುಂಡು ಒಣಗಿದರೂ ವಾರಗಟ್ಟಲೆ ಜೀವ ಹಿಡಿದಿರುತ್ತದೆಯಾದ್ದರಿಂದ ಪ್ರಯಾಣಿಕರ ಗಂಟುಮೂಟೆಯಲ್ಲಿ ಅದು ಸುಲಭವಾಗಿ ದೇಶ ಸುತ್ತಿತು. ಅರೇಬಿಯಾ ಮೂಲದ ಬಿಳಿ ಹೂವಿನ ಐರಿಸ್ ಆಲ್ಬಿಕಾನ್ಸ್ ಎಂಬುದರದೂ ಇದೇ ಕಥೆ: ಬೀಜವೇ ಕಟ್ಟದ ಆ ಗಿಡ ಮುಸ್ಲಿಮರ ಸಮಾಧಿಗಳ ಮೇಲೆ ನೆಡುವ ಪದ್ಧತಿಯಿಂದಾಗಿ ಯೆಮೆನ್‌ನಿಂದ ಸ್ಪೇನ್‌ವರೆಗೆ ಮನುಷ್ಯರ ಕೈಯಿಂದ ಕೈಗೆ ಸಾಗಿದೆ.

ಆದರೆ ಇಂದು ಅಂಗಡಿಗಳಲ್ಲಿ ‘ಜರ್ಮನ್ ಐರಿಸ್’ ಎಂದು ದೊರೆಯುವ ದೊಡ್ಡ ಹೂಗಳ ಗಿಡ ಆ ಹಳೆಯ ಜರ್ಮಾನಿಕಾ ಕೂಡ ಅಲ್ಲ. ಅದರ ವಂಶವೃಕ್ಷದ ಬುಡದಲ್ಲಿ ಇಬ್ಬರಿದ್ದಾರೆ. ಒಂದು, ಏಡ್ರಿಯಾಟಿಕ್ ಕಡಲಿನ ದಾಲ್ಮೇಷಿಯಾ ಕರಾವಳಿಯ ಕಲ್ಲುಗುಡ್ಡಗಳಲ್ಲಿ ಬೆಳೆಯುವ, ತಿಳಿನೇರಳೆ ಬಣ್ಣದ, ಸುವಾಸನೆಯ ಐರಿಸ್ ಪಾಲಿಡಾ. ಇನ್ನೊಂದು, ಮಧ್ಯ ಮತ್ತು ಪೂರ್ವ ಯುರೋಪಿನ, ಹಳದಿ ಎಸಳಿನ ಮೇಲೆ ಕಂದುಗೆಂಪು ಗೀರುಗಳಿರುವ ಐರಿಸ್ ವೇರಿಯಗೇಟಾ. ಎರಡರಲ್ಲಿಯೂ ತಲಾ 24 ವರ್ಣತಂತುಗಳಿರುವುದರಿಂದ ಅವು ಸುಲಭವಾಗಿ ಕೂಡಿಕೊಂಡವು. ಫ್ರಾನ್ಸಿನಲ್ಲಿ 19ನೆಯ ಶತಮಾನದ ಮೊದಲ ಭಾಗದಲ್ಲಿ ಈ ಸಂಕರಗಳ ಬೀಜ ಬಿತ್ತಿ, ಒಳ್ಳೆಯವನ್ನು ಆರಿಸಿ, ಹೆಸರಿಟ್ಟು ಮಾರುವ ಕೆಲಸ ಆರಂಭವಾಯಿತು. ಪ್ಯಾರಿಸ್ಸಿನ ಲೆಮೋನ್ 1844ರಲ್ಲಿ ಹೊರತಂದ, ಬಿಳಿ ಎಸಳಿನ ಅಂಚಿಗೆ ನೀಲಿ ಗೀಚಿದಂತಿರುವ ‘ಮದಾಮ್ ಶೆರೋ’ ಎಂಬ ತಳಿ ಈಗಲೂ ಬೆಳೆಯುವವರ ಬಳಿ ಉಳಿದಿದೆ. ಇಂದಿನ ತಳಿಗಳ ಪಕ್ಕದಲ್ಲಿಟ್ಟರೆ ಅದರ ಹೂ ಬಡಕಲಾಗಿ ಕಾಣಬಹುದು. ಗಾಳಿಮಳೆಗೆ ಬಾಗದೆ ನಿಲ್ಲುವುದರಲ್ಲಿ ಮಾತ್ರ ಇಂದಿನ ಅನೇಕ ತಳಿಗಳು ಅದರ ಮುಂದೆ ನಿಲ್ಲಲಾರವು.

ದೊಡ್ಡ ತಿರುವು ಬಂದದ್ದು ಪಶ್ಚಿಮ ಏಷ್ಯಾದಿಂದ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸರ್ ಮೈಕೆಲ್ ಫಾಸ್ಟರ್ ಅವರಿಗೆ ಬಿಡುವಿನ ವೇಳೆಯ ಹುಚ್ಚೆಂದರೆ ಐರಿಸ್. ಏಷ್ಯಾ ಮೈನರ್‌ನಲ್ಲಿದ್ದ (ಅಂದರೆ ಅನಟೋಲಿಯಾ, ಇಂದಿನ ಟರ್ಕಿಯ ಭಾಗ) ಪಾದ್ರಿಗಳು ಮತ್ತು ಪ್ರವಾಸಿಗಳ ಮೂಲಕ ಅವರು 19ನೆಯ ಶತಮಾನದ ಕೊನೆಯಲ್ಲಿ ಗುಪ್ತಕಾಂಡಗಳನ್ನು ತರಿಸಿಕೊಂಡರು. ಟರ್ಕಿಯ ಅಮಾಸ್ಯಾ ಪಟ್ಟಣದ ಕಡೆಯಿಂದ ಬಂದ ‘ಅಮಾಸ್’, ಜೊತೆಗೆ ಟ್ರೋಜಾನಾ, ಸಿಪ್ರಿಯಾನಾ, ಮೆಸೊಪೊಟಾಮಿಕಾ ಎಂಬ ಗಿಡಗಳ ಹೂಗಳು ಯುರೋಪಿನವಕ್ಕಿಂತ ಬಹಳ ದೊಡ್ಡವಾಗಿದ್ದವು. ಇವುಗಳಲ್ಲಿ ವರ್ಣತಂತುಗಳ ಸಂಖ್ಯೆ 24ರ ಇಮ್ಮಡಿ, ಅಂದರೆ 48, ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. 24 ಮತ್ತು 48ರ ನಡುವಿನ ಸಂಕರ ಸಾಮಾನ್ಯವಾಗಿ ಬಂಜೆಯಾಗಬೇಕು. ಆದರೆ ಆಗೊಮ್ಮೆ ಈಗೊಮ್ಮೆ 24ರ ಗಿಡ ತನ್ನ ವರ್ಣತಂತುಗಳನ್ನು ಅರ್ಧಕ್ಕಿಳಿಸದೆ ಪೂರ್ತಿಯಾಗಿ ಬೀಜಕ್ಕೆ ದಾಟಿಸಿಬಿಡುತ್ತದೆ. ಹಾಗೆ ಹುಟ್ಟಿದ ಸಸಿಗೆ 48 ಬಂದು ಅದು ಫಲವಂತವಾಗುತ್ತದೆ. ಹತ್ತಾರು ವರ್ಷಗಳ ಕಾಲ ತಳಿಗಾರರು ಬೀಜವಿಲ್ಲದ ಕಾಯಿಗಳನ್ನೇ ಒಡೆದು ನಿರಾಶರಾಗುತ್ತಿದ್ದುದು, ನಡುವೆ ಒಮ್ಮೆ ಅಚ್ಚರಿಯ ಸಸಿ ದೊರೆತದ್ದು, ಎರಡಕ್ಕೂ ಕಾರಣ ಇದೇ. ಇಂಗ್ಲೆಂಡಿನ ಆರ್ಥರ್ ಬ್ಲಿಸ್ 1917ರಲ್ಲಿ ಹೊರತಂದ ‘ಡೊಮಿನಿಯನ್’ ಇಂತಹ ಸಸಿಗಳಲ್ಲಿ ಪ್ರಸಿದ್ಧವಾದದ್ದು. ಅದರ ಬಾಗಿದ ಎಸಳು ಮಖಮಲ್ಲಿನಂತೆ ದಪ್ಪವಾಗಿತ್ತು. ಇಂದಿನ ಎತ್ತರದ ಗಡ್ಡದ ಐರಿಸ್‌ಗಳೆಲ್ಲ ಬಹುತೇಕ 48ರ ಲೆಕ್ಕದವು. ಆದ್ದರಿಂದ ನಿಮ್ಮ ‘ಜರ್ಮನ್’ ಗಿಡದ ರಕ್ತದಲ್ಲಿ ದಾಲ್ಮೇಷಿಯಾ ಇದೆ, ಡ್ಯಾನ್ಯೂಬ್ ಕಣಿವೆ ಇದೆ, ಅನಟೋಲಿಯಾ ಇದೆ. ಜರ್ಮನಿ ಮಾತ್ರ ಹುಡುಕಿದರೂ ಸಿಗುವುದು ಕಷ್ಟ.

ಇದೇ ಕುಟುಂಬದ ಕುಳ್ಳ ತಳಿಗಳ ವಿಷಯವನ್ನು ಒಂದೇ ಮಾತಿನಲ್ಲಿ ಹೇಳಬಹುದು: 32 ವರ್ಣತಂತುಗಳ ಗಿಡ್ಡ ಐರಿಸ್ ಪ್ಯೂಮಿಲಾವನ್ನು 48ರ ಎತ್ತರದ ತಳಿಗೆ ಕೂಡಿಸಿದಾಗ 40ರ ಮಕ್ಕಳು ಹುಟ್ಟಿ, ಅವು ತಮ್ಮತಮ್ಮಲ್ಲಿ ಚೆನ್ನಾಗಿ ಬೀಜ ಕಟ್ಟಿದವು.

ಗಡ್ಡದ ಐರಿಸ್‌ಗೆ ಹೂವಿನಾಚೆಗೂ ಒಂದು ಬದುಕಿದೆ. ಪಾಲಿಡಾ ಮತ್ತು ಜರ್ಮಾನಿಕಾಗಳ ಗುಪ್ತಕಾಂಡವನ್ನು ಸಿಪ್ಪೆ ಹೆರೆದು ಒಣಗಿಸಿ, ಎರಡು ಮೂರು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾಗೆಯೇ ಇಟ್ಟರೆ, ಹಸಿಯಾಗಿದ್ದಾಗ ಇಲ್ಲದ ವಯೊಲೆಟ್ ಹೂವಿನ ಪರಿಮಳ ನಿಧಾನವಾಗಿ ಮೂಡುತ್ತದೆ. ಐರೋನ್ ಎಂಬ ರಾಸಾಯನಿಕಗಳ ಪರಿಮಳ ಅದು. ಇಟಲಿಯ ಟಸ್ಕನಿಯಲ್ಲಿ ಸುಗಂಧದ್ರವ್ಯಕ್ಕಾಗಿ ಇದನ್ನು ಬಹುಕಾಲದಿಂದ ಬೆಳೆಯುತ್ತಾರೆ. ಈ ಐರೋನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಲು ಹೊರಟ ಟೀಮಾನ್ ಮತ್ತು ಕ್ರೂಗರ್ ಎಂಬ ರಸಾಯನಶಾಸ್ತ್ರಜ್ಞರಿಗೆ 1893ರಲ್ಲಿ ಕೈಗೆ ಸಿಕ್ಕಿದ್ದು ಅದರ ಹತ್ತಿರದ ಸಂಬಂಧಿಯಾದ ಅಯೋನೋನ್. ಅಗ್ಗದ ವಯೊಲೆಟ್ ಸುಗಂಧ ಮಾರುಕಟ್ಟೆಗೆ ಬಂದದ್ದು ಆ ದಾರಿಯಿಂದ.

ಡಚ್ ಐರಿಸ್‌ಗೆ ಆ ಹೆಸರು ಅಷ್ಟೇನೂ ಅನ್ಯಾಯವಲ್ಲ, ಏಕೆಂದರೆ ಆ ಸಂಕರ ನಡೆದದ್ದು ನೆದರ್‌ಲ್ಯಾಂಡ್ಸ್‌ನಲ್ಲೇ. ಆದರೆ ಅದರ ತಂದೆತಾಯಿಗಳು ಅಲ್ಲಿಯವರಲ್ಲ. 19ನೆಯ ಶತಮಾನದ ಕೊನೆ ಮತ್ತು 20ನೆಯದರ ಆರಂಭದಲ್ಲಿ ಹಾರ್ಲೆಮ್ ಪಟ್ಟಣದ ವಾನ್ ಟೂಬರ್ಗನ್ ಸಂಸ್ಥೆ ಸ್ಪೇನ್ ಕಡೆಯ ಐರಿಸ್ ಜಿಫಿಯಮ್ ಮತ್ತು ಮೊರಾಕೊ ಕಡೆಯ ಐರಿಸ್ ಟಿಂಜಿಟಾನಾಗಳನ್ನು ಮುಖ್ಯವಾಗಿ ಬಳಸಿ ಈ ತಳಿಗಳನ್ನು ರೂಪಿಸಿತು. ಟಿಂಜಿಟಾನಾ ಎಂಬ ಹೆಸರೇ ಟಾಂಜಿಯರ್ ಪಟ್ಟಣದಿಂದ ಬಂದದ್ದು. ಹೂಗುಚ್ಛಗಳಲ್ಲಿ ನೀವು ನೋಡುವ ನೀಲಿ, ಹಳದಿ, ಬಿಳಿ ಐರಿಸ್‌ಗಳು ಬಹುಮಟ್ಟಿಗೆ ಇವೇ. ಇದಕ್ಕಿಂತ ತಮಾಷೆಯದು ‘ಇಂಗ್ಲಿಷ್ ಐರಿಸ್’. ಅದು ಐರಿಸ್ ಲ್ಯಾಟಿಫೋಲಿಯಾ, ಪಿರೆನೀಸ್ ಪರ್ವತದ ತೇವದ ಹುಲ್ಲುಗಾವಲಿನ ಗಿಡ. ಇಂಗ್ಲೆಂಡಿನ ಬ್ರಿಸ್ಟಲ್ ಬಂದರಿನ ವ್ಯಾಪಾರಿಗಳ ಕೈದಾಟಿ ನೆದರ್‌ಲ್ಯಾಂಡ್ಸ್ ಸೇರಿದ ಕಾರಣ ಅಲ್ಲಿಯವರು ಅದನ್ನು ಇಂಗ್ಲೆಂಡಿನದೆಂದೇ ತಿಳಿದರು ಎಂಬುದು ಪ್ರಚಲಿತ ವಿವರಣೆ.

ಸೈಬೀರಿಯನ್ ಐರಿಸ್‌ನ ಪ್ರಭೇದನಾಮ ಸಿಬಿರಿಕಾ. ಅದರ ನೆಲೆ ಸೈಬೀರಿಯಾದ ಪಶ್ಚಿಮ ಭಾಗವನ್ನು ಮುಟ್ಟುತ್ತದೆ, ನಿಜ. ಆದರೆ ಅದರ ದೊಡ್ಡ ಹರವು ಇರುವುದು ಮಧ್ಯ ಮತ್ತು ಪೂರ್ವ ಯುರೋಪಿನ ತೇವದ ಹುಲ್ಲುಗಾವಲುಗಳಲ್ಲಿ. ಅದಕ್ಕೆ ಪೂರ್ವ ಏಷ್ಯಾದ ಸ್ಯಾಂಗ್ವಿನಿಯಾ ಎಂಬ ಪ್ರಭೇದವನ್ನು ಬೆರೆಸಿ ತೋಟದ ತಳಿಗಳನ್ನು ಮಾಡಿದ್ದಾರೆ. ಇವೆರಡರಲ್ಲೂ 28 ವರ್ಣತಂತುಗಳು, ಹೂದಂಟು ಟೊಳ್ಳು. ಚೀನಾ ಮತ್ತು ಹಿಮಾಲಯದ ಕಡೆಯ ಇವುಗಳ ಸೋದರರಲ್ಲಿ 40 ಇರುವುದರಿಂದ ಎರಡು ಪಂಗಡಗಳ ನಡುವೆ ಸಂಬಂಧ ಬೆಳೆಯುವುದು ಕಷ್ಟ.

ಜಪಾನಿನ ವಿಷಯದಲ್ಲಿ ಮಾತ್ರ ಹೆಸರು ಬಹುಮಟ್ಟಿಗೆ ನ್ಯಾಯವಾಗಿದೆ. ಐರಿಸ್ ಎನ್ಸಾಟಾ ಚೀನಾ, ಕೊರಿಯಾ, ರಷ್ಯಾದ ಪೂರ್ವಭಾಗಗಳಲ್ಲಿಯೂ ಕಾಡುಗಿಡವಾಗಿ ಬೆಳೆಯುತ್ತದೆ. ಅದರಿಂದ ಅಂಗೈಗಿಂತ ಅಗಲವಾದ, ತಟ್ಟೆಯಂತೆ ಹರಡಿದ ಹೂಗಳನ್ನು ಪಡೆದದ್ದು ಎಡೋ ಕಾಲದ ಜಪಾನೀಯರು. ಆ ಕಾಲದ ಮತ್ಸುದೈರಾ ಶೋವೋ ಎಂಬ ಅಧಿಕಾರಿ ತನ್ನ ದೀರ್ಘ ಬದುಕಿನಲ್ಲಿ ಅನೇಕ ತಳಿಗಳನ್ನು ರೂಪಿಸಿದ. ಎಡೋ, ಇಸೆ, ಹಿಗೋ ಎಂಬ ಮೂರು ಪರಂಪರೆಗಳು ಬೆಳೆದವು. ಜಪಾನೀಯರು ತಮ್ಮ ಮೂರು ಐರಿಸ್‌ಗಳನ್ನು ಬಾಗಿದ ಎಸಳಿನ ಬುಡ ನೋಡಿಯೇ ಗುರುತಿಸುತ್ತಾರೆ. ಅಲ್ಲಿ ಬಲೆಯಂತಹ ಗೆರೆಗಳಿದ್ದರೆ ಅಯಾಮೆ, ಅಂದರೆ ಮೇಲೆ ಹೇಳಿದ ಸ್ಯಾಂಗ್ವಿನಿಯಾ. ಬಿಳಿ ಗೀಟಿದ್ದರೆ ಕಕಿತ್ಸುಬಾತಾ, ಅಂದರೆ ಲೇವಿಗಾಟಾ. ಹಳದಿ ಗೀಟಿದ್ದರೆ ಹನಾಶೋಬು, ಅಂದರೆ ಎನ್ಸಾಟಾ. ಹೂವಿಲ್ಲದ ಕಾಲದಲ್ಲಿ ಎಲೆಯನ್ನು ಬೆರಳುಗಳ ನಡುವೆ ಹಿಡಿದು ಸವರಿ ನೋಡಿದರೆ, ಎನ್ಸಾಟಾದ ನಡುನರ ಏಣಿನಂತೆ ತಟ್ಟುತ್ತದೆ, ಲೇವಿಗಾಟಾದ ಎಲೆ ನುಣುಪಾಗಿರುತ್ತದೆ. ಆದರೆ ಜಪಾನಿನ ಹೆಸರನ್ನೇ ಹೊತ್ತ ಐರಿಸ್ ಜಪೋನಿಕಾದ ಸ್ಥಿತಿ ನೋಡಿ: ಜುಟ್ಟಿನ ಹೂಗಳ ಆ ಗಿಡ ಜಪಾನಿನಲ್ಲಿ ಬೀಜ ಕಟ್ಟದ ಬಂಜೆ; ಚೀನಾದಿಂದ ಬಂದದ್ದೆಂದು ನಂಬಲಾಗಿದೆ.

ಅಮೆರಿಕದ ಐರಿಸ್‌ಗಳು ತೋಟಗಾರರಿಗಿಂತ ವಿಜ್ಞಾನಿಗಳಿಗೆ ಹೆಚ್ಚು ಕಲಿಸಿವೆ. ಎಡ್ಗರ್ ಆಂಡರ್ಸನ್ ಎಂಬ ಸಸ್ಯವಿಜ್ಞಾನಿ ಐರಿಸ್ ವರ್ಸಿಕಲರ್ ಎಂಬ ಪ್ರಭೇದ ಎಲ್ಲಿಂದ ಬಂತೆಂದು ಹುಡುಕುತ್ತ ವರ್ಷಗಟ್ಟಲೆ ಎಸಳುಗಳ ಉದ್ದಗಲ ಅಳೆದರು. ಅದರ ನೆಂಟ ಪ್ರಭೇದಗಳಾದ ವರ್ಜಿನಿಕಾದಲ್ಲಿ ಸುಮಾರು 70, ಸೆಟೋಸಾದಲ್ಲಿ 38, ವರ್ಸಿಕಲರ್‌ನಲ್ಲಿ 108 ವರ್ಣತಂತುಗಳು; ಕೂಡಿಸಿದರೆ ಲೆಕ್ಕ ಸರಿಹೋಗುತ್ತದೆ. ಎರಡು ಪ್ರಭೇದಗಳು ಸಂಕರಗೊಂಡು, ವರ್ಣತಂತುಗಳು ಇಮ್ಮಡಿಯಾಗಿ, ಮೂರನೆಯ ಪ್ರಭೇದವೇ ಹುಟ್ಟಿಬಿಟ್ಟಿದೆ ಎಂದು ಅವರು 1936ರಲ್ಲಿ ತೀರ್ಮಾನಿಸಿದರು. ಅದೇ ವರ್ಷ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಆ ಮೂರು ಪ್ರಭೇದಗಳ ತಲಾ 50ರಂತೆ 150 ಹೂಗಳ ಅಳತೆಗಳನ್ನು ತಮ್ಮ ಪ್ರಬಂಧಕ್ಕೆ ಬಳಸಿಕೊಂಡರು. ಇಂದು ಕಂಪ್ಯೂಟರ್‌ಗೆ ವರ್ಗೀಕರಣ ಕಲಿಸುವ ವಿದ್ಯಾರ್ಥಿಗಳು ಮೊದಲ ದಿನವೇ ತೆರೆಯುವ ‘ಐರಿಸ್ ದತ್ತಾಂಶ’ ಅದೇ. ಹೂವನ್ನೇ ನೋಡದವರು ಲಕ್ಷಾಂತರ ಜನ ಅದರ ಎಸಳಿನ ಅಗಲವನ್ನು ಬಲ್ಲರು!

ಲೂಸಿಯಾನಾದ ಜೌಗುಭೂಮಿಯಲ್ಲಿ ಇನ್ನೂ ಗೊಂದಲವಿತ್ತು. ತುಕ್ಕುಗೆಂಪಿನ ಫಲ್ವಾ, ನೀಲಿಯ ಜೈಗಾಂಟಿಸೆರೂಲಿಯಾ ಮುಂತಾದವು ಅಲ್ಲಿ ಅಕ್ಕಪಕ್ಕದಲ್ಲಿ ಬೆಳೆಯುತ್ತವೆ. ಜಾನ್ ಸ್ಮಾಲ್ ಎಂಬ ಸಸ್ಯವಿಜ್ಞಾನಿ ಅಲ್ಲಿ ಕಂಡ ಬಣ್ಣಬಣ್ಣದ ಗಿಡಗಳಿಗೆಲ್ಲ ಹೊಸ ಪ್ರಭೇದವೆಂದು ಹತ್ತಾರು ಹೆಸರುಗಳನ್ನು ಕೊಟ್ಟರು. ಪರ್ಸಿ ವಿಯೋಸ್ಕಾ 1935ರಲ್ಲಿ ಅವುಗಳಲ್ಲಿ ಬಹುಪಾಲು ಕೆಲವೇ ಪ್ರಭೇದಗಳ ಸಂಕರಗಳೆಂದು ತೋರಿಸಿದರು. ಸ್ಮಾಲ್ ಅವರನ್ನು ಹಳಿಯಲು ನನಗೆ ಮನಸ್ಸಾಗುವುದಿಲ್ಲ. ಒಂದೇ ಕೆಸರಿನಲ್ಲಿ ಅಷ್ಟು ಬಣ್ಣ ಕಂಡವರು ಯಾರೇ ಆಗಲಿ ಹಾಗೆಯೇ ಮೋಸ ಹೋಗುತ್ತಿದ್ದರು.

ಪಶ್ಚಿಮ ಏಷ್ಯಾದ ಆಂಕೋಸೈಕ್ಲಸ್ ಗುಂಪನ್ನು ಹೇಳದೆ ಬಿಡುವಂತಿಲ್ಲ. ಒಂದು ದಂಟಿಗೆ ಒಂದೇ ದೊಡ್ಡ ಹೂ, ಕೆಲವುಗಳದು ಬಹುತೇಕ ಕಪ್ಪು ಬಣ್ಣ. ಜೋರ್ಡಾನ್ ದೇಶದ ರಾಷ್ಟ್ರಪುಷ್ಪವಾದ ನೈಗ್ರಿಕಾನ್ಸ್ ಇದೇ ಗುಂಪಿನದು. ಇವುಗಳಲ್ಲಿ ನೊಣಗಳಿಗೆ ಮಕರಂದದ ಕೂಲಿ ಇಲ್ಲ. ಸಂಜೆಯಾದಾಗ ಒಂಟಿಯಾಗಿ ಬಾಳುವ ಬಗೆಯ ಗಂಡುಜೇನುಗಳು ಆ ಕತ್ತಲ ಸುರಂಗದೊಳಗೆ ರಾತ್ರಿ ಕಳೆಯಲು ಬರುತ್ತವೆ. ಬೆಳಗಿನ ಬಿಸಿಲಿಗೆ ಕಪ್ಪು ಎಸಳು ಬೇಗ ಕಾಯುವುದರಿಂದ ಅವುಗಳಿಗೆ ಮೈ ಬೆಚ್ಚಗಾಗುತ್ತದೆ. ತಂಗುವ ಹೂವನ್ನು ಹುಡುಕುತ್ತ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಪರಾಗಸ್ಪರ್ಶವಾಗುತ್ತದೆ.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ಗಡ್ಡದ್ದು 48, ಸೈಬೀರಿಯನ್ 28, ಡಚ್ ಐರಿಸ್ ಬೇರೆಯೇ ಉಪಕುಲದ ಗೆಡ್ಡೆ; ಇವುಗಳ ನಡುವೆ ಪರಾಗ ದಾಟಿಸಿ ಫಲ ಕಾಯುವುದು ಸಮಯ ಹಾಳು. ಆಸೆಯಿದ್ದರೆ ಬಣ್ಣ ಬೇರೆಯಾದ ಇನ್ನೊಂದು ಎತ್ತರದ ಗಡ್ಡದ ಐರಿಸ್ ತಂದುಕೊಳ್ಳಿ. ನೀಲಿ-ನೇರಳೆ ಬಣ್ಣ ಜೀವಕೋಶದ ರಸದಲ್ಲಿ ಕರಗಿರುವ ಆಂಥೋಸಯನಿನ್‌ನದು, ಹಳದಿಯು ಕೆರೊಟಿನ್ ಬಳಗದ್ದು, ಗುಲಾಬಿಯಂತೆ ಕಾಣುವುದು ಟೊಮೇಟೊದಲ್ಲಿರುವ ಲೈಕೋಪೀನ್‌ನದು. ಇವು ಒಂದರ ಮೇಲೊಂದು ಪದರವಾಗಿ ಕೂಡುವುದರಿಂದಲೇ ಕಂದು, ಕಪ್ಪು, ತಾಮ್ರದ ಛಾಯೆಗಳು ಮೂಡುತ್ತವೆ. ಅಪ್ಪಟ ಕೆಂಪನ್ನು ಮಾತ್ರ ಗಡ್ಡದ ಐರಿಸ್‌ನಲ್ಲಿ ಇದುವರೆಗೆ ಯಾರೂ ತಂದಿಲ್ಲ. ಹೂ ಅರಳಿದ ಬೆಳಿಗ್ಗೆ, ನೊಣಗಳು ಬರುವ ಮೊದಲೇ, ಒಂದು ಹೂವಿನ ಕೇಸರವನ್ನು ಚಿಮಟದಿಂದ ಕಿತ್ತು ಇನ್ನೊಂದರ ಶಲಾಕೆಯ ಆ ಪುಟ್ಟ ತುಟಿಯ ಹೊರಮೈಗೆ ಸವರಿರಿ. ತಾಯಿಹೂವಿನ ಬಾಗಿದ ಎಸಳುಗಳನ್ನು ಕಿತ್ತುಹಾಕಿದರೆ ನೊಣಕ್ಕೆ ಇಳಿಯಲು ತಾವಿರುವುದಿಲ್ಲ. ಹೂವಿನ ಕೆಳಗಿನ ಅಂಡಾಶಯ ವಾರದೊಳಗೆ ಉಬ್ಬತೊಡಗಿದರೆ ಕೂಡಿಕೆ ಫಲಿಸಿದೆ ಎಂದರ್ಥ. ಸುಮಾರು ಎರಡು ತಿಂಗಳಲ್ಲಿ ಕಾಯಿ ತುದಿಯಿಂದ ಬಿರಿಯುತ್ತದೆ. ಬೀಜಕ್ಕೆ ಮೊಳಕೆಯೊಡೆಯುವ ಮುನ್ನ ಚಳಿಗಾಲದಷ್ಟು ತಂಪು ಬೇಕು. ಮೊಳೆತ ಸಸಿ ಹೂ ಬಿಡಲು ಎರಡು ಮೂರು ವರ್ಷ ಹಿಡಿಯುತ್ತದೆ. ಅದಕ್ಕೆ ಹೆಸರಿಡುವಾಗ ದಯವಿಟ್ಟು ಯಾವ ದೇಶದ ಹೆಸರನ್ನೂ ಇಡಬೇಡಿ.